ಕುವೈತ್ ಯುದ್ಧ ಮತ್ತು ನಮ್ಮ ಮನೆಯ ಕಾಗದಪತ್ರ

(ಎಲ್ಲೂರಿನಲ್ಲಿ ಜರಗಿದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

 

ಸಂಘದ ಕಾರ್ಯದರ್ಶಿಯವರು ಕಳೆದ ತಿಂಗಳು ಫೋನ್ ಮಾಡಿ, "ಮಾಸ್ಟ್ರೇ, ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜಗತ್ತಿನಲ್ಲಿ ನಡೆದ ಮುಖ್ಯ ಘಟನೆಗಳ ಬಗ್ಗೆ ಅರ್ಧ ಗಂಟೆ ಮಾತಾಡಬೇಕು, ಮಕ್ಕಳಿಗೆ ಸ್ಪರ್ಧಾತ್ಮಕ ಪರೀಕ್ಷೆಗೂ ಉಪಯೋಗ ಆಗಬೇಕು" ಎಂದರು. ನಾನು ಆಯಿತು ಎಂದೆ. ಆ ಮೇಲೆ ಒಂದು ಹಾಳೆ ತೆಗೆದುಕೊಂಡು ಪಟ್ಟಿ ಬರೆಯಲು ಕುಳಿತೆ. 1979ರಲ್ಲಿ ಇರಾನಿನ ಕ್ರಾಂತಿ. 1984ರ ಡಿಸೆಂಬರಿನಲ್ಲಿ ಭೋಪಾಲದ ಅನಿಲ ದುರಂತ. 1986ರಲ್ಲಿ ಚೆರ್ನೋಬಿಲ್. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. 1990ರ ಫೆಬ್ರವರಿಯಲ್ಲಿ ನೆಲ್ಸನ್ ಮಂಡೇಲಾ ಜೈಲಿನಿಂದ ಹೊರಬಂದರು. 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಇಲ್ಲವಾಯಿತು. 1992ರಿಂದ 1995ರವರೆಗೆ ಬೋಸ್ನಿಯಾದ ಯುದ್ಧ. ಹೀಗೆ ಹಾಳೆಯ ಒಂದು ಬದಿ ತುಂಬಿತು. ಓದಿ ನೋಡಿದೆ. ನನಗೇ ನಿದ್ದೆ ಬರುವ ಹಾಗಿತ್ತು.

ಮಕ್ಕಳೇ, ಈ ಪಟ್ಟಿ ನಿಮಗೆ ಸಾಮಾನ್ಯ ಜ್ಞಾನದ ಯಾವ ಪುಸ್ತಕದಲ್ಲೂ ಸಿಗುತ್ತದೆ. ಅದನ್ನು ಓದಿ ಹೇಳಲು ಒಬ್ಬ ನಿವೃತ್ತ ಮಾಸ್ಟ್ರನ್ನು ಕರೆಸಬೇಕಾಗಿಲ್ಲ. ಆದ್ದರಿಂದ ಕಾರ್ಯದರ್ಶಿಯವರ ಕ್ಷಮೆ ಕೇಳಿ, ಆ ಹಾಳೆಯನ್ನು ಮಡಚಿ ಕಿಸೆಯಲ್ಲಿ ಇಟ್ಟುಕೊಂಡು, ಒಂದೇ ಒಂದು ಘಟನೆಯ ಬಗ್ಗೆ ಮಾತಾಡುತ್ತೇನೆ. ಅದು ದೂರದ ಊರಿನಲ್ಲಿ ನಡೆಯಿತು. ಆದರೆ ನಮ್ಮ ಮನೆಯ ಚಾವಡಿಗೆ ಬಂದು ಕುಳಿತಿತು. 1990ರ ಆಗಸ್ಟ್ 2, ಗುರುವಾರ. ಇರಾಕಿನ ಸೈನ್ಯ ಕುವೈತಿನ ಒಳಗೆ ನುಗ್ಗಿದ ದಿನ.

ಅದಕ್ಕೆ ಮೊದಲು, ನಮ್ಮವರು ಅಲ್ಲಿಗೆ ಹೋದದ್ದು ಯಾಕೆ ಎಂದು ತಿಳಿಯಬೇಕು. 1973ರ ಅಕ್ಟೋಬರಿನಲ್ಲಿ ಅರಬರಿಗೂ ಇಸ್ರೇಲಿಗೂ ಯುದ್ಧವಾಯಿತು. ಅರಬ್ ದೇಶಗಳು ಎಣ್ಣೆಯ ಉತ್ಪಾದನೆ ಕಡಿಮೆ ಮಾಡಿ, ಅಮೆರಿಕ ಮತ್ತು ಅದರ ಕೆಲವು ಮಿತ್ರ ದೇಶಗಳಿಗೆ ಎಣ್ಣೆ ಕೊಡುವುದನ್ನೇ ನಿಲ್ಲಿಸಿದವು. ಒಂದು ಪೀಪಾಯಿಗೆ ಮೂರು ಡಾಲರ್ ಆಸುಪಾಸು ಇದ್ದ ಕಚ್ಚಾ ಎಣ್ಣೆ 1974ರ ಜನವರಿಗೆ ಹನ್ನೊಂದು ಡಾಲರ್ ದಾಟಿತು. ಕೊಲ್ಲಿಯ ಚಿಕ್ಕ ಚಿಕ್ಕ ದೇಶಗಳಲ್ಲಿ ಹಣದ ಹೊಳೆ ಹರಿಯಿತು. ರಸ್ತೆ, ಬಂದರು, ಆಸ್ಪತ್ರೆ, ಕಟ್ಟಡ ಎಲ್ಲ ಒಮ್ಮೆಗೇ ಆಗಬೇಕಾಯಿತು. ಕೆಲಸಕ್ಕೆ ಜನ ಬೇಕಾಯಿತು. ಕಾಪು, ಉಚ್ಚಿಲ, ಪಡುಬಿದ್ರಿ, ಹೆಜಮಾಡಿ, ಶಿರ್ವ, ಮುದರಂಗಡಿ, ಎಲ್ಲ ಕಡೆಯಿಂದ ಯುವಕರು ಬೊಂಬಾಯಿಗೆ ಹೋಗಿ, ಅಲ್ಲಿ ತಿಂಗಳುಗಟ್ಟಲೆ ಕಾದು, ಏಜೆಂಟರಿಗೆ ಹಣ ಕಟ್ಟಿ ಹಡಗು, ವಿಮಾನ ಹತ್ತಿದರು. ಬ್ಯಾರಿಗಳು ಮಾತ್ರ ಅಲ್ಲ. ಕ್ರೈಸ್ತರು, ಬಂಟರು, ಬಿಲ್ಲವರು, ಮೊಗವೀರರು, ಎಲ್ಲರೂ ಹೋದರು. ಅಂಥ ಒಂದು ಸಣ್ಣ ಎಣ್ಣೆಯ ದೇಶ ಕುವೈತ್. 1990ರಲ್ಲಿ ಅಲ್ಲಿ ಸುಮಾರು 1 ಲಕ್ಷ 70 ಸಾವಿರ ಭಾರತೀಯರಿದ್ದರು.

ಸದ್ದಾಂ ಹುಸೇನ್ ಎಂಟು ವರ್ಷ ಇರಾನಿನೊಡನೆ ಯುದ್ಧ ಮಾಡಿ ಸಾಲದಲ್ಲಿ ಮುಳುಗಿದ್ದರು. ಸಾಲ ಕೊಟ್ಟವರಲ್ಲಿ ಕುವೈತೂ ಒಂದು. ಸಾಲ ಮನ್ನಾ ಮಾಡಲಿಲ್ಲ, ಎಣ್ಣೆ ಹೆಚ್ಚು ತೆಗೆದು ಬೆಲೆ ಇಳಿಸುತ್ತಿದೆ, ಗಡಿಯ ರುಮೈಲಾ ಬಾವಿಗಳಿಂದ ನಮ್ಮ ಎಣ್ಣೆ ಕದಿಯುತ್ತಿದೆ ಎಂಬುದು ಅವರ ದೂರು. ದೂರಿನಲ್ಲಿ ಎಷ್ಟು ನಿಜ ಎಂಬುದು ಬೇರೆ ಮಾತು. ಒಬ್ಬ ಮುಸಲ್ಮಾನ ನೆರೆಯವನು ಇನ್ನೊಬ್ಬ ಮುಸಲ್ಮಾನ ನೆರೆಯವನ ಮನೆಗೆ ರಾತ್ರಿ ನುಗ್ಗಿದ, ಅದೂ ಯುದ್ಧ ನಿಷಿದ್ಧವೆಂದು ನಾವು ಮದ್ರಸದಲ್ಲಿ ಕಲಿತ ಮುಹರ್ರಂ ತಿಂಗಳಲ್ಲಿ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆಗ ನಮ್ಮಲ್ಲಿ ಕೆಲವರು ಅಂಗಡಿಗಳಲ್ಲಿ ಸದ್ದಾಂ ಹುಸೇನರ ಚಿತ್ರ ಅಂಟಿಸಿಕೊಂಡಿದ್ದರು, ಅಮೆರಿಕವನ್ನು ಎದುರಿಸಿದ ವೀರನೆಂದು. ಅದೇ ಬೀದಿಯಲ್ಲಿ ಗಂಡನ ಸುದ್ದಿ ಸಿಗದೆ ಅಳುವ ಹೆಂಗಸರಿದ್ದರು.

ಅದು ಆಟಿ ತಿಂಗಳು. ಆಟಿ ಎಂದರೆ ನಮ್ಮ ತುಳುನಾಡಿನಲ್ಲಿ ಮೊದಲೇ ಕೈ ಬರಿದಾದ ತಿಂಗಳು. ಮಳೆ ನಿಲ್ಲುವುದಿಲ್ಲ, ಕಡಲಿಗೆ ಇಳಿಯುವಂತಿಲ್ಲ. ಗಲ್ಫ್‌ನ ಡ್ರಾಫ್ಟ್ ಬಂದರೆ ಮನೆ ನಡೆಯುತ್ತದೆ. ಈಗ ಡ್ರಾಫ್ಟ್ ನಿಂತಿತು, ಪತ್ರ ನಿಂತಿತು, ಫೋನಿನ ತಂತಿ ಸತ್ತಿತು. ಮೊಬೈಲ್ ಇಲ್ಲದ ಕಾಲ ಎಂಬುದನ್ನು ಮಕ್ಕಳು ನೆನಪಿಡಬೇಕು. ಮಂಗಳೂರು ಆಕಾಶವಾಣಿಯ ವಾರ್ತೆ, ಉದಯವಾಣಿ ಪೇಪರು, ಉರ್ದು ಬಿ.ಬಿ.ಸಿ., ಇಷ್ಟೇ. ನಾನು ಆಗ ಶಾಲೆಗೆ ಸೇರಿ ಹೆಚ್ಚು ವರ್ಷ ಆಗಿರಲಿಲ್ಲ. ಸಂಜೆ ಮಗ್ರಿಬ್ ನಮಾಝಿನ ನಂತರ ಮಸೀದಿಯ ಹೊರಗೆ ನಿಂತು ಪೇಪರು ಗಟ್ಟಿಯಾಗಿ ಓದುವುದು ನನ್ನ ಕೆಲಸವಾಯಿತು. ಹೆಂಗಸರು ಆಚೆ ಬದಿಯ ದರೆಯ ಮೇಲೆ ನಿಂತು ಕೇಳುತ್ತಿದ್ದರು. ಬಸ್ರಾ, ಬಾಗ್ದಾದ್, ಅಮ್ಮಾನ್ ಎಂಬ ಹೆಸರುಗಳನ್ನು ನಮ್ಮೂರಿನ ಅಜ್ಜಿಯಂದಿರು ಕಲಿತದ್ದು ಹಾಗೆ. ಬಾಗ್ದಾದ್ ಅವರಿಗೆ ಮೊದಲೇ ಗೊತ್ತಿತ್ತು, ಮುಹ್ಯುದ್ದೀನ್ ಶೈಖರ ಊರೆಂದು.

ಭಾರತ ಸರಕಾರ ಏನು ಮಾಡಿತು? ಆಗ ವಿ.ಪಿ. ಸಿಂಗ್ ಪ್ರಧಾನಿ, ಐ.ಕೆ. ಗುಜ್ರಾಲ್ ವಿದೇಶಾಂಗ ಸಚಿವರು. ಗುಜ್ರಾಲರು ನೇರವಾಗಿ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಭೇಟಿ ಮಾಡಿದರು. ಸದ್ದಾಂ ಅವರನ್ನು ತಬ್ಬಿಕೊಂಡರು. ಆ ಚಿತ್ರ ಜಗತ್ತಿನ ಪೇಪರುಗಳಲ್ಲೆಲ್ಲ ಬಂದು ಗುಜ್ರಾಲರಿಗೆ ಬೈಗುಳವೂ ಸಿಕ್ಕಿತು. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ಮಾಡಿದ ಆಲಿಂಗನ ಇನ್ನೊಂದಿಲ್ಲ, ಯಾಕೆಂದರೆ ನಮ್ಮವರು ಹೊರಬರಲು ದಾರಿ ಸಿಕ್ಕಿತು. ಕುವೈತಿನಿಂದ ಬಸ್ಸಿನಲ್ಲಿ ಬಸ್ರಾ, ಅಲ್ಲಿಂದ ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನಿನ ಗಡಿ, ಮತ್ತೆ ಅಮ್ಮಾನ್. ಗಡಿಯಲ್ಲಿ ಲಕ್ಷಗಟ್ಟಲೆ ಜನ, ನಾನಾ ದೇಶದವರು, ಬಿಸಿಲಿನಲ್ಲಿ ಡೇರೆಗಳಲ್ಲಿ. ಜೋರ್ಡಾನ್ ಬಡ ದೇಶ, ಆದರೂ ಜನರನ್ನು ಒಳಗೆ ಬಿಟ್ಟಿತು. ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಬೊಂಬಾಯಿಗೆ. 59 ದಿನಗಳಲ್ಲಿ 488 ಹಾರಾಟ, 1,11,711 ಜನ. ಇದು ಗಿನ್ನೆಸ್ ದಾಖಲೆಗೆ ಸೇರಿತು. ಪರೀಕ್ಷೆಗೆ ಬೇಕಾದವರು ಈ ಅಂಕಿಗಳನ್ನು ಬರೆದುಕೊಳ್ಳಿ.

2016ರಲ್ಲಿ ಈ ವಿಷಯದ ಮೇಲೆ ಒಂದು ಹಿಂದಿ ಸಿನೆಮಾ ಬಂತು, ನಿಮ್ಮಲ್ಲಿ ಹಲವರು ನೋಡಿರಬಹುದು. ಸಿನೆಮಾದಲ್ಲಿ ಒಬ್ಬನೇ ನಾಯಕ ಎಲ್ಲವನ್ನೂ ಮಾಡುತ್ತಾನೆ. ನಡೆದದ್ದು ಹಾಗಲ್ಲ. ದೂತಾವಾಸದ ಗುಮಾಸ್ತರು, ಕುವೈತಿನಲ್ಲೇ ಇದ್ದ ನಮ್ಮ ವ್ಯಾಪಾರಿಗಳು, ಬಸ್ಸು ಗೊತ್ತುಮಾಡಿದವರು, ಪಟ್ಟಿ ಬರೆದವರು, ವಿಮಾನದ ಪೈಲಟರು, ಹೀಗೆ ನೂರಾರು ಜನರ ಕೆಲಸ ಅದು. ಪಟ್ಟಿ ಬರೆದವರು ಎಂಬ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ನಮ್ಮ ನೆರೆಮನೆಯವರು ಒಬ್ಬರು ಸೆಪ್ಟೆಂಬರಿನಲ್ಲಿ ಬಂದರು. ಹದಿಮೂರು ವರ್ಷ ಕುವೈತಿನಲ್ಲಿ ದುಡಿದವರು, ಬೊಂಬಾಯಿಯಿಂದ ಬಸ್ಸಿನಲ್ಲಿ ಬಂದು ಪಡುಬಿದ್ರಿಯಲ್ಲಿ ಇಳಿದಾಗ ಕೈಯಲ್ಲಿ ಒಂದು ಚೀಲ, ಒಂದು ಕಂಬಳಿ. ಕಿಸೆಯಲ್ಲಿ ಕುವೈತಿ ದಿನಾರ್ ಇತ್ತು. ಒಂದು ಕಾಲದಲ್ಲಿ ಡಾಲರಿಗಿಂತ ಮೂರು ಪಟ್ಟು ಬೆಲೆಯ ನೋಟು. ಇರಾಕ್ ಅದನ್ನು ತನ್ನ ಅಗ್ಗದ ದಿನಾರಿಗೆ ಸಮ ಎಂದು ಸಾರಿ, ಆಮೇಲೆ ಚಲಾವಣೆಯಿಂದಲೇ ತೆಗೆದುಹಾಕಿತ್ತು. ಆ ನೋಟನ್ನು ಅವರು ಮಕ್ಕಳಿಗೆ ಆಡಲು ಕೊಟ್ಟರು. ಅವರ ತಾಯಿ ಮಕ್ಕಳ ಕೈಯಿಂದ ಕಿತ್ತುಕೊಂಡು ಒಳಗೆ ಇಟ್ಟರು. ಆ ಉಮ್ಮನ ಕಥೆ ಮುಂದೆ ಹೇಳುತ್ತೇನೆ.

1991ರ ಜನವರಿ 17ರಂದು ಅಮೆರಿಕದ ನೇತೃತ್ವದಲ್ಲಿ ವಿಮಾನ ದಾಳಿ ಶುರುವಾಯಿತು. ಫೆಬ್ರವರಿ ಕೊನೆಗೆ ಕುವೈತ್ ಬಿಡುಗಡೆಯಾಯಿತು. ಹೋಗುವಾಗ ಇರಾಕಿನ ಸೈನಿಕರು 600ಕ್ಕೂ ಹೆಚ್ಚು ಎಣ್ಣೆಬಾವಿಗಳಿಗೆ ಬೆಂಕಿ ಕೊಟ್ಟರು. ಸಾಮಾನ್ಯವಾಗಿ ಪುಸ್ತಕದಲ್ಲಿ ಘಟನೆ ಇಲ್ಲಿಗೆ ಮುಗಿಯುತ್ತದೆ. ನಮ್ಮೂರಿಗೆ ಅದು ಇಲ್ಲಿಂದಲೇ ಶುರು.

1991ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 687ನೇ ನಿರ್ಣಯ ಮಾಡಿತು. ಈ ಆಕ್ರಮಣದಿಂದ ನಷ್ಟವಾದವರಿಗೆ ಇರಾಕ್ ಪರಿಹಾರ ಕೊಡಬೇಕು ಎಂದಿತು. ಜಿನೀವಾದಲ್ಲಿ ಒಂದು ಪರಿಹಾರ ಆಯೋಗ ಸ್ಥಾಪನೆಯಾಯಿತು. ಅದಕ್ಕೆ ಮೊದಲು ಯುದ್ಧದ ಪರಿಹಾರವೆಂದರೆ ಹೆಚ್ಚಾಗಿ ಸರಕಾರ ಸರಕಾರಕ್ಕೆ ಕೊಡುವುದು. ಈ ಆಯೋಗ ಕೂಲಿಯವನನ್ನೂ, ಮನೆಗೆಲಸದ ಹೆಂಗಸನ್ನೂ ಮೊದಲ ಸಾಲಿನಲ್ಲಿ ನಿಲ್ಲಿಸಿತು. 1990ರ ಆಗಸ್ಟ್ 2ರಿಂದ 1991ರ ಮಾರ್ಚ್ 2ರೊಳಗೆ ಕುವೈತ್ ಅಥವಾ ಇರಾಕ್ ಬಿಟ್ಟು ಹೊರಟ ಯಾರೇ ಆಗಲಿ, ಎಷ್ಟು ಕಳೆದುಕೊಂಡೆ ಎಂದು ಲೆಕ್ಕ ತೋರಿಸಬೇಕಾಗಿಲ್ಲ. ಅಲ್ಲಿದ್ದೆ, ಬಿಟ್ಟು ಬಂದೆ ಎಂಬುದನ್ನು ತೋರಿಸಿದರೆ ಸಾಕು. ಒಬ್ಬನಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್. ಬೇರೆ ಯಾವ ವರ್ಗದಲ್ಲೂ ಅರ್ಜಿ ಹಾಕುವುದಿಲ್ಲ ಎಂದು ಒಪ್ಪಿದರೆ ಒಬ್ಬನಿಗೆ 4,000, ಕುಟುಂಬಕ್ಕೆ 8,000. ಇದನ್ನು ಎ ವರ್ಗ ಎನ್ನುತ್ತಿದ್ದರು. ಮನೆ ಸಾಮಾನು, ಬಾಕಿ ಸಂಬಳ ಮುಂತಾದ ನಷ್ಟಕ್ಕೆ ಲೆಕ್ಕ ಇದ್ದವರು ಸಿ ವರ್ಗದಲ್ಲಿ ಒಂದು ಲಕ್ಷ ಡಾಲರ್‌ವರೆಗೆ ಕೇಳಬಹುದಿತ್ತು. ಅರ್ಜಿಗಳು ನಮ್ಮ ಸರಕಾರದ ಮೂಲಕವೇ ಹೋಗಬೇಕಿತ್ತು.

ಆ ಅರ್ಜಿಯ ಫಾರಂ ಇಂಗ್ಲಿಷಿನಲ್ಲಿತ್ತು. ಕಂಪ್ಯೂಟರ್ ಓದುವ ಹಾಗೆ ಚೌಕ ಚೌಕ ಮನೆಗಳು. ಜೊತೆಗೆ ಸೂಚನೆಯ ಹಾಳೆಗಳು. ನಮ್ಮೂರಿನಲ್ಲಿ ಅದನ್ನು ತುಂಬಿಸಲು ಜನ ಮಾಸ್ಟ್ರ ಮನೆಗೆ ಬಂದರು. ಹನ್ನೆರಡೋ ಹದಿಮೂರೋ ಅರ್ಜಿಗಳನ್ನು ನಾನು ತುಂಬಿಸಿದ್ದೇನೆ. ಆ ದಿನಗಳಲ್ಲಿ ಕಂಡದ್ದನ್ನು ಹೇಳಲೇ ನಾನು ಇಲ್ಲಿ ನಿಂತದ್ದು.

ಒಬ್ಬರ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು, ರೇಶನ್ ಕಾರ್ಡಿನಲ್ಲಿ ಇನ್ನೊಂದು, ಕುವೈತಿನ ಬತಾಕದಲ್ಲಿ ಮತ್ತೊಂದು. ಮೂರೂ ಅವರೇ. ಆದರೆ ಜಿನೀವಾದ ಯಂತ್ರಕ್ಕೆ ಮೂವರು ಬೇರೆ ಬೇರೆ ಮನುಷ್ಯರು. ಇನ್ನೊಬ್ಬರ ಪಾಸ್‌ಪೋರ್ಟ್ ಕೆಲಸಕೊಟ್ಟ ಅರಬಿಯ ಕಪಾಟಿನಲ್ಲೇ ಉಳಿದಿತ್ತು. ದೂತಾವಾಸ ಕೊಟ್ಟ ಔಟ್‌ಪಾಸಿನಲ್ಲಿ ಬಂದವರು. ಬಂದ ಮೇಲೆ ಆ ಕಾಗದ ಇನ್ನು ಯಾಕೆ ಎಂದು ಎಸೆದಿದ್ದರು. ಅವರು ಎಂಟನೇ ಕ್ಲಾಸು ಓದಿದವರು, ಓದಲು ಬರೆಯಲು ಬರುತ್ತಿತ್ತು. ಅವರಿಗೆ ತೋರಿಸಲು ಒಂದು ಚೂರು ಕಾಗದ ಇರಲಿಲ್ಲ.

ಈಗ ಆ ಉಮ್ಮನ ಕಥೆ. ನೆರೆಮನೆಯವರು ತಮ್ಮ ಹತ್ತಿರವೂ ಏನಿಲ್ಲ ಎಂದು ಕೈಚೆಲ್ಲಿ ಕುಳಿತಿದ್ದರು. ಆಗ ಅವರ ತಾಯಿ ಒಳಗಿನಿಂದ ನಿಡೋ ಹಾಲಿನಪುಡಿಯ ಒಂದು ದೊಡ್ಡ ಡಬ್ಬ ತಂದು ನನ್ನ ಮುಂದೆ ಇಟ್ಟರು. "ಇದರಲ್ಲಿ ಏನಾದರೂ ಉಂಟಾ ನೋಡಿ ಮಾಸ್ಟ್ರೇ" ಎಂದರು. ಮುಚ್ಚಳ ತೆರೆದೆ. ಹದಿಮೂರು ವರ್ಷಗಳ ಕಾಗದ ಅದರಲ್ಲಿತ್ತು. ಮಗ ಬರೆದ ಪತ್ರಗಳು, ಕುವೈತಿನ ಅಂಚೆ ಮುದ್ರೆಯಿರುವ ಲಕೋಟೆಗಳು, ಡ್ರಾಫ್ಟಿನ ಅಡಿಚೀಟಿಗಳು, ಹಳೆಯ ಬತಾಕದ ಜೆರಾಕ್ಸ್, ಅಮ್ಮಾನಿನಿಂದ ಬಂದ ವಿಮಾನದ ಚೀಟಿ, ಆ ದಿನಾರ್ ನೋಟುಗಳು, ಒಂದು ಔಷಧದ ಬಿಲ್ಲು, ಚಾಕಲೇಟಿನ ಬಣ್ಣದ ಕಾಗದ. ಆ ತಾಯಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಇಂಗ್ಲಿಷ್ ಮೊದಲೇ ಇಲ್ಲ. ಯಾವುದು ಬೇಕು, ಯಾವುದು ಬೇಡ ಎಂದು ಗೊತ್ತಿಲ್ಲದ ಕಾರಣ ಯಾವುದನ್ನೂ ಎಸೆದಿರಲಿಲ್ಲ. ಅವರ ಮಗನಿಗೆ 4,000 ಡಾಲರ್ ಬಂತು.

ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದರ ಬಗ್ಗೆ ಎಂದು ಉಸ್ತಾದರನ್ನು ಕೇಳಿ. ಅಲ್ ಬಖರ ಅಧ್ಯಾಯದ 282ನೆಯದು. ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ, ಬರೆಯುವವನ ಬಗ್ಗೆ, ಸಾಕ್ಷಿಗಳ ಬಗ್ಗೆ. ಅದನ್ನು ನಾನು ಮದ್ರಸದಲ್ಲಿ ಎಷ್ಟೋ ಸಲ ಓದಿದ್ದೆ. ಅದು ಏನು ಹೇಳುತ್ತದೆಂದು ನಿಜವಾಗಿ ಅರ್ಥವಾದದ್ದು ಆ ಡಬ್ಬದ ಎದುರು.

ಬರೆಯುವವನ ಬಗ್ಗೆ ಎಂದೆ. ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಈ ಸಭೆಯಲ್ಲಿ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದ್ದೇನೆ. ನನ್ನ ಹತ್ತಿರ ಬಂದವರಲ್ಲಿ ಒಬ್ಬರು ಹೆಂಡತಿ ಮತ್ತು ಚಿಕ್ಕ ಮಗುವಿನೊಂದಿಗೆ ಕುವೈತಿನಲ್ಲಿದ್ದವರು. ಮೂವರೂ ಒಟ್ಟಿಗೆ ಆ ಮರುಭೂಮಿ ದಾಟಿ ಬಂದವರು. ಅದಕ್ಕೆ ಮೊದಲು ನಾನು ತುಂಬಿಸಿದ ಅರ್ಜಿಗಳೆಲ್ಲ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಹೋದವರದು, ಆದ್ದರಿಂದ ಒಬ್ಬನ ಲೆಕ್ಕ. ಕೈ ಅಭ್ಯಾಸದಲ್ಲಿ ಇವರದಕ್ಕೂ ಅದೇ ಚೌಕದಲ್ಲಿ ಗುರುತು ಹಾಕಿದೆ. ಸೂಚನೆಯ ಹಾಳೆ ನನ್ನ ಪಕ್ಕದಲ್ಲೇ ಇತ್ತು. ಮೊದಲ ಅರ್ಜಿಗೆ ಅದನ್ನು ಓದಿದ್ದೆ, ಆ ಮೇಲೆ ಓದಿರಲಿಲ್ಲ. ಎರಡು ವರ್ಷದ ಮೇಲೆ ಹಣ ಬರಲು ಶುರುವಾಯಿತು, ಅದೂ ಕಂತಿನಲ್ಲಿ. ಎಲ್ಲ ಮುಗಿದಾಗ ಅವರಿಗೆ 8,000 ಬರಬೇಕಾದಲ್ಲಿ 4,000 ಬಂದಿತ್ತು. ಕಡಿಮೆಯಾದದ್ದು ಆಗಿನ ದರದಲ್ಲಿ ಒಂದೂವರೆ ಲಕ್ಷ ರೂಪಾಯಿಗೆ ಹತ್ತಿರ. ಮನೆ ಕಟ್ಟಿ ಅರ್ಧಕ್ಕೆ ನಿಂತಿದ್ದ ಕುಟುಂಬ ಅದು.

ನಾನು ಪತ್ರ ಬರೆದೆ, ಕಚೇರಿಗೆ ಅಲೆದೆ. ಅವಧಿ ಮುಗಿದಿದೆ, ತಿದ್ದಲು ಬರುವುದಿಲ್ಲ ಎಂದರು. ಅವರ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡೆ. ಅವರು, "ಹೋಗಲಿ ಮಾಸ್ಟ್ರೇ, ಬಂದದ್ದು ಬಂತಲ್ಲ, ನಿಮ್ಮಿಂದಲೇ ಬಂದದ್ದು" ಎಂದು ಚಾ ಕೊಟ್ಟರು. ಹೆಂಡತಿ ಮಾತ್ರ ಒಳಗಿನಿಂದ ಹೊರಗೆ ಬರಲಿಲ್ಲ. ಆಕೆಯ ಹೆಸರೂ ಮಗುವಿನ ಹೆಸರೂ ಆ ಅರ್ಜಿಯಲ್ಲಿ ಇರಲೇ ಇಲ್ಲ. ಬಿ.ಎ., ಬಿ.ಎಡ್. ಮಾಡಿದ ಮಾಸ್ಟ್ರ ಕೈಯಲ್ಲಿ ಆದ ತಪ್ಪು ಇದು. ಆ ಹೆಂಗಸಿಗೆ ಫಾರಂ ಓದಲು ಬರುತ್ತಿದ್ದರೆ, ನನ್ನ ಹೆಸರೆಲ್ಲಿ ಎಂದು ಅಲ್ಲೇ ಕೇಳುತ್ತಿದ್ದಳು. ಇವತ್ತು ಇಲ್ಲಿ ಬಹುಮಾನ ಪಡೆದವರ ಪಟ್ಟಿ ನೋಡಿದೆ, ಹೆಚ್ಚಿನವರು ಹೆಣ್ಣುಮಕ್ಕಳು. ಆ ಪಟ್ಟಿ ನೋಡುವಾಗ ನನಗೆ ನೆನಪಾದದ್ದು ಆ ಮನೆಯ ಒಳಬಾಗಿಲು.

ಇನ್ನೊಂದು ವಿಷಯ, ಇದು ಕೇಳಲು ಕಷ್ಟದ್ದು. ಆ ಡಾಲರ್ ಯಾರ ಹಣ? ಇರಾಕಿನ ಎಣ್ಣೆಯ ಹಣ. 1990ರ ಆಗಸ್ಟ್ 6ರಿಂದ ಇರಾಕಿನ ಮೇಲೆ ದಿಗ್ಬಂಧನ ಇತ್ತು. 1996ರ ಡಿಸೆಂಬರಿನಿಂದ ಆಹಾರಕ್ಕಾಗಿ ಎಣ್ಣೆ ಎಂಬ ಯೋಜನೆಯಲ್ಲಿ ಎಣ್ಣೆ ಮಾರಲು ಬಿಟ್ಟರು. ಮಾರಿದ ಹಣದಲ್ಲಿ ನೂರಕ್ಕೆ ಮೂವತ್ತು ಪಾಲು ಈ ಪರಿಹಾರದ ನಿಧಿಗೆ, ಮುಂದೆ ಆ ಪಾಲು ಇಪ್ಪತ್ತೈದಕ್ಕೂ, 2003ರಲ್ಲಿ ಐದಕ್ಕೂ ಇಳಿಯಿತು. ಅದೇ ವರ್ಷಗಳಲ್ಲಿ ಇರಾಕಿನ ಆಸ್ಪತ್ರೆಗಳಲ್ಲಿ ಔಷಧ ಇರಲಿಲ್ಲ, ಕುಡಿಯುವ ನೀರು ಶುದ್ಧವಿರಲಿಲ್ಲ. ಎಷ್ಟು ಮಕ್ಕಳು ಸತ್ತರು ಎಂಬ ಲೆಕ್ಕದ ಬಗ್ಗೆ ಇಂದಿಗೂ ವಾದವಿದೆ, ಕಷ್ಟಪಟ್ಟರು ಎಂಬುದರಲ್ಲಿ ವಾದವಿಲ್ಲ. ಅಲ್ಲಿ ವಿಶ್ವಸಂಸ್ಥೆಯ ಮಾನವೀಯ ನೆರವಿನ ಮುಖ್ಯಸ್ಥರಾಗಿದ್ದ ಡೆನಿಸ್ ಹ್ಯಾಲಿಡೇ ಎಂಬವರು ಈ ದಿಗ್ಬಂಧನವನ್ನು ವಿರೋಧಿಸಿ 1998ರಲ್ಲಿ ರಾಜೀನಾಮೆ ಕೊಟ್ಟರು.

ನಮ್ಮವರಿಗೆ ಬಂದ ಹಣ ನ್ಯಾಯದ ಹಣ. ಹದಿಮೂರು ವರ್ಷ ದುಡಿದು ಕಂಬಳಿಯೊಂದಿಗೆ ಬಂದವನು ಭಿಕ್ಷೆ ಕೇಳಿದ್ದಲ್ಲ. ಆದರೆ ಕುವೈತಿಗೆ ನುಗ್ಗಲು ಹೇಳಿದವರು ಅರಮನೆಯಲ್ಲೇ ಇದ್ದರು. ಕೊಟ್ಟದ್ದು ಇರಾಕಿನ ತಾಯಂದಿರು. ಆ ಹಣ ಬಂದ ದಿನಗಳಲ್ಲಿ ಜುಮಾ ದುಆದಲ್ಲಿ ಇರಾಕಿನ ಮಕ್ಕಳಿಗಾಗಿ ಬೇಡುತ್ತಿದ್ದೆವು. ಎರಡಕ್ಕೂ ಸಂಬಂಧ ಉಂಟೆಂದು ನಮ್ಮಲ್ಲಿ ಎಷ್ಟು ಜನರಿಗೆ ಹೊಳೆದಿತ್ತು? ನನಗೆ ಹೊಳೆದದ್ದು ಎಷ್ಟೋ ತಡವಾಗಿ. ಅದನ್ನು ಬಗೆಹರಿಸುವ ಉತ್ತರ ನನ್ನ ಹತ್ತಿರ ಇಲ್ಲ. ಆಯೋಗ ಒಟ್ಟು 5,240 ಕೋಟಿ ಡಾಲರ್ ಪರಿಹಾರ ಕೊಟ್ಟು ಮುಗಿಸಿದ್ದು 2022ರ ಜನವರಿಯಲ್ಲಿ. ಅಂದರೆ 1990ರ ಘಟನೆಯ ಲೆಕ್ಕ ಮುಚ್ಚಿ ಇನ್ನೂ ಹೆಚ್ಚು ಕಾಲ ಆಗಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಎಲ್ಲೂರಿಗೆ ಬಂದು ಎಲ್ಲೂರಿನ ಮಾತು ಹೇಳದೆ ಹೋದರೆ ಸರಿಯಾಗದು, ಅದನ್ನು ಬೇಗ ಹೇಳುತ್ತೇನೆ. ಕುವೈತ್ ಯುದ್ಧದಿಂದ ಎಣ್ಣೆಯ ಬೆಲೆ ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಅಲ್ಲಿಂದ ಬರುತ್ತಿದ್ದ ಹಣ ನಿಂತಿತು. ಭಾರತದ ಹತ್ತಿರ ಮೊದಲೇ ವಿದೇಶಿ ಹಣ ಕಡಿಮೆ ಇತ್ತು. 1991ರ ಬೇಸಿಗೆ ಹೊತ್ತಿಗೆ ಎರಡು ಮೂರು ವಾರದ ಆಮದಿಗೆ ಮಾತ್ರ ಸಾಕಾಗುವಷ್ಟು ಉಳಿಯಿತು. ದೇಶದ ಚಿನ್ನವನ್ನು ಹೊರಗೆ ಅಡವಿಟ್ಟರು, ರಿಸರ್ವ್ ಬ್ಯಾಂಕಿನದ್ದೇ ಸುಮಾರು 47 ಟನ್. ಅದೇ ತಿಂಗಳುಗಳಲ್ಲಿ ಪಡುಬಿದ್ರಿ ಪೇಟೆಯಲ್ಲಿ ನಮ್ಮ ಹೆಣ್ಣುಮಕ್ಕಳ ಬಳೆ, ಸರ ಕೂಡ ಅಡವಿಗೆ ಹೋಗುತ್ತಿತ್ತು. ಕಾರಣ ಒಂದೇ. ಜುಲೈ 24ರಂದು ಮನಮೋಹನ್ ಸಿಂಗರ ಬಜೆಟ್ ಬಂತು, ದೇಶದ ಬಾಗಿಲು ತೆರೆಯಿತು. ವಿದ್ಯುತ್ ಉತ್ಪಾದನೆಗೂ ವಿದೇಶಿ ಕಂಪೆನಿಗಳನ್ನು ಕರೆದರು. ಹಾಗೆ ಬಂದದ್ದು ಮಹಾರಾಷ್ಟ್ರದ ದಾಭೋಲಿಗೆ ಎನ್ರಾನ್, ನಮ್ಮ ನಂದಿಕೂರಿಗೆ ಅಮೆರಿಕದ ಕೊಜೆಂಟ್ರಿಕ್ಸ್. 1,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರದ ಯೋಜನೆ. ಹೋರಾಟ, ಕೋರ್ಟು ಎಲ್ಲ ನಡೆದು 1999ರ ಡಿಸೆಂಬರಿನಲ್ಲಿ ಕೊಜೆಂಟ್ರಿಕ್ಸ್ ಬಿಟ್ಟು ಹೋಯಿತು. ಜಾಗ ಮತ್ತು ಯೋಜನೆ ಇನ್ನೊಬ್ಬರ ಕೈಗೆ ಬಂದು, ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳು ಎದ್ದವು. ಮೊದಲನೆಯದು 2010ರಲ್ಲಿ ಶುರುವಾಯಿತು. ಹೊರದೇಶದ ಕಲ್ಲಿದ್ದಲು ಹಡಗಿನಲ್ಲಿ ನವಮಂಗಳೂರು ಬಂದರಿಗೆ, ಅಲ್ಲಿಂದ ಕೊಂಕಣ ರೈಲಿನ ಹಳಿಯಲ್ಲಿ ಇಲ್ಲಿಗೆ, ಹಾಗೆಂದು ಕಟ್ಟಿದ ಸ್ಥಾವರ. ಬಾವಿಯ ನೀರು ಉಪ್ಪಾಯಿತು, ಮಲ್ಲಿಗೆ ಹಾಳಾಯಿತು ಎಂಬ ದೂರುಗಳು, ಕೇಸುಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಜನ ಬರೆದಿಟ್ಟು, ದಾಖಲೆ ಕೂಡಿಸಿ ಹಸಿರು ನ್ಯಾಯಾಧಿಕರಣದವರೆಗೆ ಹೋದರು. 2022ರಲ್ಲಿ 52 ಕೋಟಿ ರೂಪಾಯಿ ಪರಿಸರ ಪರಿಹಾರದ ಆದೇಶವೂ ಆಯಿತು.

ಕಡೆಗೆ ಸಂಘದವರಲ್ಲಿ ಒಂದು ಕೋರಿಕೆ. ಕುವೈತಿನಿಂದ ಬಂದವರಲ್ಲಿ ಹಲವರು ತೀರಿಹೋಗಿದ್ದಾರೆ, ಅಲ್ಲಾಹು ಅವರಿಗೆ ಮಗ್ಫಿರತ್ ನೀಡಲಿ. ಅವರ ಕಾಗದಗಳು ಅಟ್ಟದಲ್ಲಿ ಗೆದ್ದಲು ಹಿಡಿಯುತ್ತಿವೆ. ಈ ರಜೆಯಲ್ಲಿ ಮಕ್ಕಳು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಆ ಡಬ್ಬಗಳನ್ನು ತೆರೆಯಲಿ. ಪತ್ರ, ಲಕೋಟೆ, ಔಟ್‌ಪಾಸ್, ಅರ್ಜಿಯ ನಕಲು, ಏನು ಸಿಕ್ಕಿದರೂ ಒಂದು ಫೋಟೋ ತೆಗೆದು ಸಂಘಕ್ಕೆ ಕೊಡಲಿ. ಯಾರದು, ಯಾವ ವರ್ಷದ್ದು ಎಂದು ಕೆಳಗೆ ಬರೆಯಲಿ. ಮೂಲ ಕಾಗದ ಮನೆಯಲ್ಲೇ ಇರಲಿ, ಯಾರಿಗೂ ಕೊಡಬೇಡಿ. ಮುಂದಿನ ವರ್ಷದ ಸಂಚಿಕೆಗೆ ಅದರಿಂದ ಏನಾದರೂ ಬರೆಯಬಹುದು. ತುಂಬಿಸುವ ಕೆಲಸ ಬಂದರೆ ನಾನೂ ಕುಳಿತುಕೊಳ್ಳುತ್ತೇನೆ, ಆದರೆ ನಾನು ಬರೆದದ್ದನ್ನು ಒಬ್ಬ ಹುಡುಗಿ ಇನ್ನೊಮ್ಮೆ ಓದಿ ನೋಡಬೇಕು.